ಪುಷ್ಯ ಮಳೆಯಲ್ಲಿ ಹುಟ್ಟಿದ ಅಜ್ಜಿಗೆ ಯಾವ ತಾರೀಖು?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ತಾಲ್ಲೂಕು. ಹತ್ತು ವರ್ಷದಿಂದ ಕಂಪ್ಯೂಟರಿನಲ್ಲಿ ನಮ್ಮ ಮನೆತನದ ವಂಶಾವಳಿ ತುಂಬಿಸುತ್ತಿದ್ದೇನೆ, ಮುನ್ನೂರು ಜನ ದಾಟಿದ್ದಾರೆ. ಅಮ್ಮನ ತಾಯಿಯನ್ನು ಹುಟ್ಟಿದ ದಿನ ಕೇಳಿದರೆ, "ಚಿತ್ರಭಾನು ಸಂವತ್ಸರ, ಪುಷ್ಯ ಮಳೆ ಹೊಡೀತಿತ್ತಂತೆ, ತೊಟ್ಟಿಲ ಬಟ್ಟೆ ಒಣಗಿಸೋಕೆ ಬಿಸಿಲೇ ಇರ್ಲಿಲ್ವಂತೆ" ಅನ್ನುತ್ತಾರೆ. ಶಾಲೆಯ ದಾಖಲೆಯಲ್ಲಿ 1-6-1940 ಎಂದಿದೆ. ನನ್ನ ತಂತ್ರಾಂಶವೋ ದಿನ, ತಿಂಗಳು, ವರ್ಷ ಮೂರೂ ಕೊಡದೆ ಮುಂದಕ್ಕೆ ಬಿಡುವುದಿಲ್ಲ. ಈಗ ಹೊಸ ಲ್ಯಾಪ್‌ಟಾಪಿನಲ್ಲಿ ಅದು ಸರಿಯಾಗಿ ತೆರೆಯುತ್ತಲೂ ಇಲ್ಲ. ಬೇರೆಯದಕ್ಕೆ ಹೋದರೆ ಇದ್ದದ್ದೂ ಕೈತಪ್ಪೀತೆಂಬ ಭಯ. ಏನು ಮಾಡಲಿ ಮೇಡಂ?

ಉತ್ತರ: ಮೊದಲು ಅಜ್ಜಿಯ ಮಾತನ್ನು ಅವರು ಆಡಿದ ಹಾಗೇ ಬರೆದಿಡಿ, ತೊಟ್ಟಿಲ ಬಟ್ಟೆಯ ಸಮೇತ. ಯಾರು ಹೇಳಿದ್ದು, ನೀವು ಯಾವತ್ತು ಕೇಳಿದ್ದು ಎಂಬುದೂ ಅದರ ಜೊತೆಗಿರಲಿ. ತಾರೀಖಿನ ಲೆಕ್ಕ ಆಮೇಲೆ.

ಅಜ್ಜಿ ಕೊಟ್ಟ ಸುಳಿವು ನೀವು ಅಂದುಕೊಂಡಷ್ಟು ಮಸುಕಾಗಿಲ್ಲ. ಸಂವತ್ಸರ 60 ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ಚಿತ್ರಭಾನು 1882ರಲ್ಲಿ ಬಂದಿತ್ತು, 1942ರಲ್ಲಿ ಬಂತು, 2002ರಲ್ಲಿ ಮತ್ತೆ ಬಂತು. ನಿಮ್ಮ ಅಜ್ಜಿಗೆ ಹೊಂದುವುದು ನಡುವಿನದೊಂದೇ. ಸಂವತ್ಸರ ಯುಗಾದಿಯಿಂದ ಯುಗಾದಿಗೆ ಓಡುತ್ತದೆಯಾದ್ದರಿಂದ ಆ ಚಿತ್ರಭಾನು 1942ರ ಮಾರ್ಚ್‌ನಲ್ಲಿ ಶುರುವಾಗಿ 1943ರ ಏಪ್ರಿಲ್ ಮೊದಲ ವಾರದವರೆಗೂ ಇತ್ತು. ಇದೇ ಸಂವತ್ಸರದ ಮಾಘದಲ್ಲಿ ಹುಟ್ಟಿದವರು ನಿಮ್ಮ ಪಟ್ಟಿಯಲ್ಲಿದ್ದರೆ ಅವರದು 1943, 1942 ಅಲ್ಲ. ಈ ತಪ್ಪನ್ನು ನಾನು ಅನೇಕರ ವಂಶಾವಳಿಯಲ್ಲಿ ನೋಡಿದ್ದೇನೆ.

ಇನ್ನು ಮಳೆ. ತಿಥಿ ಚಂದ್ರನ ಲೆಕ್ಕ, ಹಾಗಾಗಿ ವರ್ಷ ವರ್ಷಕ್ಕೂ ಹಿಂದೆ ಮುಂದೆ ಸರಿಯುತ್ತದೆ. ಮಳೆ ನಕ್ಷತ್ರ ಸೂರ್ಯನ ಲೆಕ್ಕ. ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ ಎಲ್ಲವೂ ಪ್ರತಿ ವರ್ಷ ಹೆಚ್ಚುಕಮ್ಮಿ ಅದೇ ತಾರೀಖಿಗೆ ಹುಟ್ಟುತ್ತವೆ, ಒಂದೊಂದಕ್ಕೂ ಎರಡು ವಾರದ ಆಯಸ್ಸು. ಪುಷ್ಯ ಮಳೆ ಜುಲೈ 19-20ಕ್ಕೆ ಹುಟ್ಟಿ ಆಗಸ್ಟ್ 2-3ಕ್ಕೆ ಮುಗಿಯುತ್ತದೆ. ಅಂದರೆ ನಿಮ್ಮ ಅಜ್ಜಿ ಹುಟ್ಟಿದ್ದು 1942ರ ಜುಲೈ 19 ಮತ್ತು ಆಗಸ್ಟ್ 3ರ ನಡುವೆ. ಓದುಬರಹ ಇಲ್ಲದ ಹಿರಿಯರು ಬರಿ ಬಾಯಿಮಾತಿನಲ್ಲಿ ಇಷ್ಟು ಹತ್ತಿರದ ದಿನ ಉಳಿಸಿಕೊಟ್ಟಿದ್ದಾರೆ. ದಯವಿಟ್ಟು ಅದನ್ನು ಬರೀ "1942" ಮಾಡಿ ಕಳೆಯಬೇಡಿ, ಇಲ್ಲದ ದಿನವನ್ನೂ ಕಟ್ಟಬೇಡಿ.

ಹಾಗಾದರೆ ಜೂನ್ 1? ನಮ್ಮ ಕಡೆಯ ಹಳೆಯ ತಲೆಮಾರಿನಲ್ಲಿ ಜೂನ್ 1ಕ್ಕೆ ಹುಟ್ಟಿದವರು ಎಷ್ಟು ಜನ ಎಂದು ಎಣಿಸಿ ನೋಡಿ. ಶಾಲೆಗೆ ಸೇರಿಸಲು ಹೋದಾಗ ಮೇಷ್ಟ್ರು ವಯಸ್ಸು ಅಂದಾಜಿಸಿ ಹಾಕಿಕೊಂಡ ದಿನ ಅದು. ಆದರೂ ಅಳಿಸಬೇಡಿ, ಅವರ ಸರ್ಕಾರಿ ಕಾಗದಗಳು ಅದರ ಮೇಲೇ ನಿಂತಿರುತ್ತವೆ. ಜನನವನ್ನು ಎರಡು ಸಲ ದಾಖಲಿಸಿ. ಅಜ್ಜಿಯ ಮಾತಿನದು ಮುಖ್ಯ, ಶಾಲೆಯದು ಎರಡನೆಯದು, ಎರಡಕ್ಕೂ ಆಧಾರ ಪಕ್ಕದಲ್ಲೇ.

ತಂತ್ರಾಂಶದ ವಿಚಾರಕ್ಕೆ ಬರುತ್ತೇನೆ. ಪೂರ್ತಿ ತಾರೀಖು ಕೊಡಲೇಬೇಕೆಂದು ಹಟ ಹಿಡಿಯುವ ತಂತ್ರಾಂಶ ಈ ಕೆಲಸಕ್ಕಲ್ಲ, ಬಿಟ್ಟುಬಿಡಿ. ಗ್ರ್ಯಾಂಪ್ಸ್ ಉಚಿತ, ನಾನು ಬಳಸುವುದೂ ಅದನ್ನೇ. ಅದರಲ್ಲಿ "ಸುಮಾರು", "ಮುಂಚೆ", "ನಂತರ", "ಇದರ ಮತ್ತು ಅದರ ನಡುವೆ", "ಇಲ್ಲಿಂದ ಅಲ್ಲಿಯವರೆಗೆ" ಎಂದೆಲ್ಲ ತಾರೀಖು ಕೊಡಬಹುದು. ಕೊನೆಯ ಎರಡನ್ನು ಒಂದೇ ಎಂದುಕೊಳ್ಳಬೇಡಿ. ಅಜ್ಜಿಯ ಜನನ "ನಡುವೆ": ಆ ಹದಿನೈದು ದಿನದಲ್ಲಿ ಯಾವುದೋ ಒಂದು ದಿನ. ದೊಡ್ಡಪ್ಪ ಭದ್ರಾವತಿ ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದದ್ದು "ಇಲ್ಲಿಂದ ಅಲ್ಲಿಯವರೆಗೆ": ಅಷ್ಟೂ ವರ್ಷ. ಇನ್ನೊಂದು, ಸತ್ತ ವರ್ಷದಿಂದ ವಯಸ್ಸು ಕಳೆದು ಹುಟ್ಟಿದ ವರ್ಷ ತೆಗೆದಿದ್ದರೆ ಅದು "ಲೆಕ್ಕ ಹಾಕಿದ್ದು", ಮಗಳ ಮದುವೆಯಿಂದ ಊಹಿಸಿದ್ದಾದರೆ "ಅಂದಾಜು". ಈ ಎರಡಕ್ಕೂ ಅಲ್ಲಿ ಬೇರೆ ಬೇರೆ ಗುರುತಿದೆ.

ಸಾಗಿಸುವಾಗ ನನಗೆ ಆದದ್ದನ್ನು ಹೇಳುತ್ತೇನೆ. ಹಿಂದೆ ಒಮ್ಮೆ ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಹೋದಾಗ "ಸುಮಾರು 1905" ಎಂದಿದ್ದ ನಮ್ಮಜ್ಜನ ಜನನ 1-1-1905 ಆಗಿ ಕೂತಿತು. ನಾನು ಗಮನಿಸಲಿಲ್ಲ, ಮುದ್ರಿಸಿ ನೆಂಟರಿಗೆಲ್ಲ ಹಂಚಿದೆ. ತಿಂಗಳೊಪ್ಪತ್ತಿನಲ್ಲಿ ತಮ್ಮನ ಮಗ ಅಜ್ಜನ ಫೋಟೋಗೆ ಹೊಸ ಕಟ್ಟು ಹಾಕಿಸಿ, ಕೆಳಗೆ ಬಿಳಿ ಅಕ್ಷರದಲ್ಲಿ "ಜನನ 1-1-1905" ಎಂದು ಬರೆಸಿ ಜಗಲಿಯಲ್ಲಿ ತೂಗುಹಾಕಿದ. ಅದನ್ನು ನೋಡಿ ಮನೆಗೆ ಬಂದು ಕಂಪ್ಯೂಟರ್ ತೆರೆದರೆ ಅಜ್ಜನ ಆರೂ ಜನ ಒಡಹುಟ್ಟಿದವರು ಜನವರಿ ಒಂದಕ್ಕೇ ಹುಟ್ಟಿದ್ದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾವಿಲ್ಲದ ಕಾಲಕ್ಕೆ ಮಕ್ಕಳು ನಂಬುವುದು ಆ ಬಿಳಿ ಅಕ್ಷರವನ್ನೇ ತಾನೆ?

ಆದ್ದರಿಂದ ಹಳೆಯ ಕಂಪ್ಯೂಟರ್ ಇನ್ನೂ ಉಸಿರಾಡುತ್ತಿರುವಾಗಲೇ ಅದರಲ್ಲಿ ಕೂತು ಎಲ್ಲವನ್ನೂ ಜೆಡ್‌ಕಾಮ್ ಕಡತವಾಗಿ ಹೊರತೆಗೆಯಿರಿ. ಬೇರೆ ಬೇರೆ ವಂಶಾವಳಿ ತಂತ್ರಾಂಶಗಳಿಗೆ ಅದೇ ಸಾಮಾನ್ಯ ಭಾಷೆ, 1984ರಿಂದ ಇದೆ. ಅದು ಬರಿ ಅಕ್ಷರದ ಕಡತ, ನೋಟ್‌ಪ್ಯಾಡಿನಲ್ಲೇ ಓದಬಹುದು. ಸಾಗಿಸುವ ಮೊದಲು ತೆರೆದು, ಅನುಮಾನದ ತಾರೀಖಿರುವ ಹತ್ತು ಜನರನ್ನು ಹುಡುಕಿ. "ಸುಮಾರು" ಎಂಬುದಕ್ಕೆ ಅಲ್ಲಿ ಎ-ಬಿ-ಟಿ ಎಂಬ ಮೂರಕ್ಷರ ಇರಬೇಕು, "ನಡುವೆ" ಎಂಬುದಕ್ಕೆ ಬಿ-ಇ-ಟಿ. ಇಲ್ಲೇ ಅವು ಕಾಣದಿದ್ದರೆ ಹಳೆಯದೇ ನುಂಗಿದೆ. ಇಲ್ಲಿದ್ದು ಹೊಸದರಲ್ಲಿ ಕಾಣೆಯಾದರೆ ಬಿಟ್ಟುಬಂದದ್ದು ಒಳಗೆ ತರುವಾಗ. ಹಾಗೆಯೇ ಕನ್ನಡ ಅಕ್ಷರ ನೆಟ್ಟಗಿದೆಯೇ ನೋಡಿ. ಯೂನಿಕೋಡ್‌ಗಿಂತ ಹಿಂದಿನ ಫಾಂಟಿನಲ್ಲಿ ಟೈಪ್ ಮಾಡಿದ್ದರೆ ಹೆಸರೆಲ್ಲ ಅರ್ಥವಿಲ್ಲದ ಗುರುತುಗಳಾಗಿರುತ್ತವೆ, ಮೊದಲು ಅದನ್ನು ಪರಿವರ್ತಿಸಬೇಕು. ಫೋಟೋಗಳು ಸಾಮಾನ್ಯವಾಗಿ ಈ ಕಡತದೊಳಗೆ ಬರುವುದಿಲ್ಲ, ಅವು ಎಲ್ಲಿವೆ ಎಂಬ ವಿಳಾಸ ಮಾತ್ರ ಬರುತ್ತದೆ. ಫೋಲ್ಡರನ್ನು ಬೇರೆಯಾಗಿ ನಕಲಿಸಿಕೊಳ್ಳಿ.

ಅಜ್ಜಿಯ ಆ ಮಾತನ್ನು ಟಿಪ್ಪಣಿಯಲ್ಲೂ ಹಾಕಿ. ತಾರೀಖಿನ ಖಾನೆಯಲ್ಲಿ ಏನೇ ಎಡವಟ್ಟಾದರೂ ಟಿಪ್ಪಣಿ ಉಳಿದರೆ ಮತ್ತೆ ಲೆಕ್ಕ ಹಾಕಬಹುದು. ನಾನು ಅಜ್ಜನ 1905ನ್ನು ವಾಪಸು ಪಡೆದದ್ದು ಹಾಗೇ.

ಪ್ರಶ್ನೆ: ನಾವು ಸಾಗರದವರು. ಅತ್ತೆಯ ಮದುವೆ "ಮುಳುಗಡೆಗೆ ಮುಂಚೆ" ಆಯಿತೆನ್ನುತ್ತಾರೆ. "1964ಕ್ಕೆ ಮುಂಚೆ" ಎಂದು ಹಾಕಿದರೆ ಸಾಕೇ?

ಉತ್ತರ: ಯಾವ ಮುಳುಗಡೆ ಎಂದು ಮೊದಲು ಕೇಳಿ. ಶರಾವತಿಗೆ ಲಿಂಗನಮಕ್ಕಿಗಿಂತ ಮುಂಚೆಯೇ ಹಿರೇಭಾಸ್ಕರ ಅಣೆಕಟ್ಟು ಕಟ್ಟಿದ್ದರು, ಅದು ಮುಗಿದದ್ದು 1948ರ ಹೊತ್ತಿಗೆ. ಲಿಂಗನಮಕ್ಕಿಯದೇ ಆದರೂ 1964 ಅಣೆಕಟ್ಟು ಮುಗಿದ ವರ್ಷ, ನಿಮ್ಮವರು ಮನೆ ಬಿಟ್ಟ ವರ್ಷ ಅಲ್ಲ. ನೀರು ನಿಲ್ಲುವ ಮುಂಚೆಯೇ ಜನರನ್ನು ಎಬ್ಬಿಸಿದ್ದರು. ಪರಿಹಾರದ ಕಾಗದ ಮನೆಯಲ್ಲಿದ್ದರೆ ಅದರ ತಾರೀಖು ಹಿಡಿಯಿರಿ. ಊರಿನ ಹೆಸರನ್ನು ಆಗ ಇದ್ದಂತೆಯೇ ಬರೆಯಿರಿ, ಈಗ ನಕ್ಷೆಯಲ್ಲಿ ಅಲ್ಲಿ ನೀರಷ್ಟೇ ಕಾಣುತ್ತದೆ. ಅತ್ತೆಯ ಜೊತೆಗೆ ದಿಬ್ಬಣದಲ್ಲಿ ಹೋದವರು ಯಾರಾದರೂ ಇದ್ದರೆ ಈ ವಾರವೇ ಹೋಗಿ ಮಾತಾಡಿಸಿ.