ಕೆಲಸ ಹೋಗಿದೆ, ಪಾಲಿಸಿ ನಿಲ್ಲಿಸಲೇ?

ಪ್ರಶ್ನೆ: ನನಗೆ 41 ವರ್ಷ. ಎರಡು ತಿಂಗಳ ಹಿಂದೆ ಕೆಲಸ ಹೋಯಿತು. ಹೆಂಡತಿ, ಇಬ್ಬರು ಮಕ್ಕಳು ನನ್ನ ದುಡಿಮೆಯನ್ನೇ ನಂಬಿದ್ದಾರೆ. ಕೈಯಲ್ಲಿರುವ ಹಣ ಇನ್ನು ಐದು ತಿಂಗಳಿಗೆ ಸಾಕು. ಒಂದು ಟರ್ಮ್ ಪಾಲಿಸಿ (ಅವಧಿಯೊಳಗೆ ಸತ್ತರೆ ಮಾತ್ರ ಹಣ ಬರುವ ವಿಮೆ) ಇದೆ. ಇನ್ನೊಂದು 20 ವರ್ಷದ ಎಂಡೋಮೆಂಟ್ (ಅವಧಿ ಮುಗಿದಾಗಲೂ ಹಣ ಬರುವ ಪಾಲಿಸಿ): ವಿಮಾ ಮೊತ್ತ 10 ಲಕ್ಷ, ವರ್ಷಕ್ಕೆ 50,000 ಪ್ರೀಮಿಯಂ. 8 ಕಂತು ಕಟ್ಟಿದ್ದೇನೆ, ಒಂಬತ್ತನೆಯದನ್ನು ಈ ತಿಂಗಳು ಕಟ್ಟಬೇಕು. ಈವರೆಗೆ ಸೇರಿದ ಬೋನಸ್ 1.2 ಲಕ್ಷ. ಕೊನೆಯವರೆಗೂ ಕಟ್ಟಿದರೆ ಸುಮಾರು 13 ಲಕ್ಷ ಬರಬಹುದಂತೆ. ಈಗಲೇ ಸರೆಂಡರ್ ಮಾಡಿದರೆ (ಪಾಲಿಸಿ ಮುಚ್ಚಿ ಹಣ ವಾಪಸು ಪಡೆದರೆ) 2.3 ಲಕ್ಷ. ಕಟ್ಟಿದ್ದೇ 4 ಲಕ್ಷ! ಎರಡನ್ನೂ ನಿಲ್ಲಿಸಿಬಿಡಲೇ?

ಉತ್ತರ: ಟರ್ಮ್ ಪಾಲಿಸಿಯನ್ನು ಮುಟ್ಟಬೇಡಿ. ಎಂಡೋಮೆಂಟನ್ನು ಸರೆಂಡರ್ ಮಾಡುವ ಬದಲು ಕಂತು ನಿಲ್ಲಿಸಿ ಪೇಡ್-ಅಪ್ ಮಾಡಿಸಿ. ಹೆಚ್ಚಿನವರು ಇದರ ತದ್ವಿರುದ್ಧ ಮಾಡುತ್ತಾರೆ: ‘ಏನೂ ವಾಪಸು ಬರೋದಿಲ್ಲ’ ಎಂದು ಟರ್ಮ್ ಬಿಟ್ಟು, ‘ಇಷ್ಟು ಕಟ್ಟಿದ್ದೀನಲ್ಲ’ ಎಂದು ಎಂಡೋಮೆಂಟಿಗೆ ಸಾಲ ಮಾಡಿ ಕಂತು ಕಟ್ಟುತ್ತಾರೆ.

ಟರ್ಮ್ ನಿಲ್ಲಿಸಿದರೆ ಕೈಗೆ ಬಿಡಿಗಾಸೂ ಬರುವುದಿಲ್ಲ, ಉಳಿಯುವುದು ಸಣ್ಣ ಪ್ರೀಮಿಯಂ ಮಾತ್ರ. ಮತ್ತೆ ಕೊಳ್ಳಲು ಹೋದಾಗ ವಯಸ್ಸು ಏರಿರುತ್ತದೆ, ಆರೋಗ್ಯ ತಪಾಸಣೆ ಹೊಸದಾಗಿ ನಡೆಯುತ್ತದೆ. ಜೊತೆಗೆ ಎಷ್ಟು ಮೊತ್ತಕ್ಕೆ ವಿಮೆ ಕೊಡಬಹುದು ಎಂಬುದನ್ನು ಕಂಪನಿಗಳು ಆದಾಯ ನೋಡಿಯೇ ತೀರ್ಮಾನಿಸುತ್ತವೆ. ಆದಾಯವೇ ಇಲ್ಲದವರಿಗೆ ಅದೇ ಮೊತ್ತದ ಪಾಲಿಸಿ ಸಿಗುವುದು ಕಷ್ಟ. ಕೆಲಸ ಕೊಟ್ಟವರು ಮಾಡಿಸಿದ್ದ ಗುಂಪು ವಿಮೆಯೂ ಸಾಮಾನ್ಯವಾಗಿ ಕೆಲಸದ ಜೊತೆಗೇ ಹೋಗಿರುತ್ತದೆ, ಹಾಗಾಗಿ ಮನೆಯವರಿಗೆ ಉಳಿದಿರುವ ದೊಡ್ಡ ಆಸರೆ ಇದೊಂದೇ. ಕೆಲವು ಗುಂಪು ಪಾಲಿಸಿಗಳಲ್ಲಿ ಅದನ್ನು ವೈಯಕ್ತಿಕ ಪಾಲಿಸಿಯಾಗಿ ಬದಲಿಸಿಕೊಳ್ಳುವ ಹಕ್ಕಿರುತ್ತದೆ. ಗಡುವು ಬಹಳ ಚಿಕ್ಕದು, ಇಷ್ಟರಲ್ಲಿ ಮುಗಿದಿದ್ದರೂ ಒಮ್ಮೆ ಕೇಳಿ ನೋಡಿ. ಟರ್ಮ್ ಪ್ರೀಮಿಯಂ ಒಂದೇ ಸಲಕ್ಕೆ ಭಾರವಾದರೆ ವಾರ್ಷಿಕ ಕಂತನ್ನು ಮಾಸಿಕಕ್ಕೆ ಬದಲಿಸಿ. ಒಟ್ಟು ಲೆಕ್ಕದಲ್ಲಿ ಸ್ವಲ್ಪ ಹೆಚ್ಚಾಗುತ್ತದೆ, ಪರವಾಗಿಲ್ಲ.

ಇನ್ನು ಎಂಡೋಮೆಂಟ್. ಪೇಡ್-ಅಪ್ ಎಂದರೆ ಮುಂದೆ ಕಂತು ಕಟ್ಟದೆ, ಕಡಿಮೆ ಮೊತ್ತಕ್ಕೆ ಪಾಲಿಸಿಯನ್ನು ಜೀವಂತವಾಗಿ ಉಳಿಸಿಕೊಳ್ಳುವುದು. ಕಟ್ಟಿದ ಕಂತುಗಳನ್ನು ಒಟ್ಟು ಕಂತುಗಳಿಂದ ಭಾಗಿಸಿ ವಿಮಾ ಮೊತ್ತದಿಂದ ಗುಣಿಸುತ್ತಾರೆ. ನಿಮ್ಮದು 8/20, ಅಂದರೆ 4 ಲಕ್ಷ. ಸೇರಿರುವ ಬೋನಸ್ ಕೂಡಿದರೆ 5.2 ಲಕ್ಷ. ಇದು 12 ವರ್ಷದ ನಂತರ ಬರುತ್ತದೆ, ನಡುವೆ ಸಾವು ಸಂಭವಿಸಿದರೆ ಆಗಲೇ ಮನೆಯವರಿಗೆ ಸಿಗುತ್ತದೆ. ಹೊಸ ಬೋನಸ್ ಸಾಮಾನ್ಯವಾಗಿ ನಿಂತುಹೋಗುತ್ತದೆ, ಮೂಲ ವಿಮೆಗೆ ಸೇರಿಸಿಕೊಂಡ ಹೆಚ್ಚುವರಿ ರಕ್ಷಣೆಗಳಾದ ರೈಡರ್‌ಗಳೂ ಮುಗಿಯುತ್ತವೆ.

ಕಟ್ಟಿದ 4 ಲಕ್ಷವನ್ನು ಲೆಕ್ಕದಿಂದ ತೆಗೆದುಹಾಕಿ. ಯಾವ ದಾರಿ ಹಿಡಿದರೂ ಅದು ಆಗಿಹೋದ ಖರ್ಚು. ಇಂದು ನಿಮ್ಮ ಕೈಯಲ್ಲಿರುವುದು 2.3 ಲಕ್ಷದ ಆಸ್ತಿ. ಅದನ್ನು ಪಾಲಿಸಿಯಲ್ಲೇ ಬಿಟ್ಟರೆ 12 ವರ್ಷದಲ್ಲಿ 5.2 ಲಕ್ಷ, ಅಂದರೆ ವರ್ಷಕ್ಕೆ ಹತ್ತಿರಹತ್ತಿರ 7%. ಕಂತು ಮುಂದುವರಿಸಿದರೆ? ಇನ್ನೂ 12 ಕಂತು, 6 ಲಕ್ಷ ಕಟ್ಟಿದ ಮೇಲೆ 13 ಲಕ್ಷ. ಪೇಡ್-ಅಪ್‌ನಲ್ಲಿ ಹೇಗೂ ಬರಲಿದ್ದ 5.2 ಲಕ್ಷ ಕಳೆದರೆ ಹೊಸ ಹಣಕ್ಕೆ ಸಿಗುವುದು 7.8 ಲಕ್ಷ: ವರ್ಷಕ್ಕೆ ಸುಮಾರು 4%, ಜೊತೆಗೆ ಒಂದಿಷ್ಟು ಹೆಚ್ಚಿನ ವಿಮೆ. ಅಷ್ಟಕ್ಕಾಗಿ ಮನೆಖರ್ಚಿನ ಹಣಕ್ಕೆ ಕೈಹಾಕುವುದು ಬೇಡ. ಬೇರೆ ಪಾಲಿಸಿಗಳಲ್ಲಿ ಈ ಅಂಕಿಗಳು ಬೇರೆಯಾಗುತ್ತವೆ. ಮೂರು ನಾಲ್ಕು ಕಂತಷ್ಟೇ ಕಟ್ಟಿದವರ ಸರೆಂಡರ್ ಮೌಲ್ಯ ತೀರಾ ಕಡಿಮೆಯಿರುತ್ತದೆ. ಒಂದೇ ಕಂತು ಕಟ್ಟಿದವರಿಗೆ ಪೇಡ್-ಅಪ್ ಅವಕಾಶವೇ ಇಲ್ಲದಿರಬಹುದು.

(ಹಿಂದೆ ಕಂತು ತಪ್ಪಿದರೆ ಕಟ್ಟಿದ್ದೆಲ್ಲವನ್ನೂ ಕಂಪನಿ ನುಂಗಿಹಾಕಬಹುದಿತ್ತು. ಅದನ್ನು ತಡೆಯುವ ಕಾನೂನು ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 1861ರಲ್ಲಿ ಬಂತು, ಎಲಿಜರ್ ರೈಟ್ ಎಂಬ ಗಣಿತಜ್ಞನ ಹಟದಿಂದ.)

ಐದು ತಿಂಗಳಾದ ಮೇಲೂ ಕೆಲಸ ಸಿಗದಿದ್ದರೆ ಪಾಲಿಸಿಯ ಮೇಲೆ ಸಾಲ ತೆಗೆಯಬಹುದು. ಸರೆಂಡರ್ ಮೌಲ್ಯದ 80-90%ವರೆಗೆ ಕೊಡುವುದು ವಾಡಿಕೆ, ಸಂಬಳದ ಚೀಟಿ ಕೇಳುವುದಿಲ್ಲ. ತಿಂಗಳ ಕಂತು ಇಲ್ಲವೆಂದು ಮರೆತರೆ ಮಾತ್ರ ಅಪಾಯ. ಕಟ್ಟದ ಬಡ್ಡಿ ಅಸಲಿಗೆ ಸೇರಿ ಬಡ್ಡಿಗೆ ಬಡ್ಡಿ ಬೆಳೆಯುತ್ತದೆ. ಸಾಲ ಸರೆಂಡರ್ ಮೌಲ್ಯವನ್ನು ಮುಟ್ಟಿದ ದಿನ ಕಂಪನಿ ಪಾಲಿಸಿಯನ್ನೇ ಮುಚ್ಚಿ ಲೆಕ್ಕ ಚುಕ್ತಾ ಮಾಡುತ್ತದೆ. ಆದ್ದರಿಂದ ಅರ್ಧಕ್ಕಿಂತ ಹೆಚ್ಚು ಎತ್ತಬೇಡಿ, ಬಡ್ಡಿಯನ್ನಾದರೂ ಕಟ್ಟುತ್ತಿರಿ. ಸರೆಂಡರ್ ಇದಕ್ಕೂ ಆಚೆಯ ಮಾತು. ಆಗಲೂ ತೆರಿಗೆ ಬೀಳುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಿ.

ಈ ವಾರವೇ ಮಾಡಬೇಕಾದ ಕೆಲಸ: ಸರೆಂಡರ್ ಮೌಲ್ಯ, ಪೇಡ್-ಅಪ್ ಮೌಲ್ಯ, ಸಾಲದ ಮಿತಿ ಮತ್ತು ಬಡ್ಡಿದರ, ಈ ನಾಲ್ಕನ್ನೂ ಕಂಪನಿಯಿಂದ ಬರಹದಲ್ಲಿ ತರಿಸಿಕೊಳ್ಳಿ. ಏಜೆಂಟರ ಬಾಯಿಮಾತು ಸಾಲದು. ಅದರಲ್ಲೂ ‘ಇದನ್ನು ಸರೆಂಡರ್ ಮಾಡಿ ಹೊಸದು ತಗೊಳ್ಳಿ’ ಎಂದರೆ ಹೊಸ ಪಾಲಿಸಿಯ ಮೊದಲ ವರ್ಷದ ಕಮಿಷನ್ ಎಷ್ಟು ಎಂದು ಕೇಳಿ. ಅಂಕಿಗಳು ಬಂದ ಮೇಲೆ ಪೇಡ್-ಅಪ್ ಮಾಡುವಂತೆ ಅರ್ಜಿ ಕೊಟ್ಟು ದೃಢೀಕರಣ ಪತ್ರ ಪಡೆಯಿರಿ. ಬ್ಯಾಂಕಿನ ಆಟೋ ಡೆಬಿಟ್ ನಿಲ್ಲಿಸಲು ಮರೆಯಬೇಡಿ. ಮರೆತರೆ 50,000 ತಾನಾಗಿಯೇ ಕಡಿತವಾಗುತ್ತದೆ, ಇಲ್ಲವೇ ಹಣ ಸಾಲದೆ ದಂಡ ಬೀಳುತ್ತದೆ. ಆದರೆ ಟರ್ಮ್‌ನ ಡೆಬಿಟ್ ನಿಲ್ಲದಂತೆ ನೋಡಿಕೊಳ್ಳಿ. ಎರಡೂ ಒಂದೇ ಖಾತೆಯಿಂದ ಹೋಗುತ್ತಿದ್ದರೆ ತಪ್ಪುವುದು ಇಲ್ಲೇ.

ಗಡುವು ದಾಟಿದ ಮೇಲೂ ಕಂತಿಗೆ ಸಾಮಾನ್ಯವಾಗಿ 30 ದಿನದ ರಿಯಾಯಿತಿ ಅವಧಿ ಇರುತ್ತದೆ, ಮಾಸಿಕ ಕಂತಿಗೆ ಇನ್ನೂ ಕಡಿಮೆ ಇರಬಹುದು. ಈ ಅವಧಿಯಲ್ಲಿ ವಿಮೆ ಜಾರಿಯಲ್ಲೇ ಇರುತ್ತದೆ. ಎಂಡೋಮೆಂಟಿನ ತೀರ್ಮಾನಕ್ಕೆ ನಿಮಗಿರುವ ಕಾಲಾವಕಾಶವೂ ಅಷ್ಟೇ. ಮುಂದೆ ಕೆಲಸ ಸಿಕ್ಕಿ ಪೂರ್ಣ ಮೊತ್ತ ಬೇಕೆನಿಸಿದರೆ, ಪಾಲಿಸಿಯಲ್ಲಿ ಹೇಳಿದ ಕೆಲವು ವರ್ಷಗಳೊಳಗೆ ಬಾಕಿ ಕಂತು, ಬಡ್ಡಿ, ಆರೋಗ್ಯದ ಘೋಷಣೆ ಕೊಟ್ಟು ಪುನರುಜ್ಜೀವನ ಮಾಡಿಸಬಹುದು. ಸರೆಂಡರ್ ಮಾಡಿದ ಪಾಲಿಸಿಗೆ ಸಾಮಾನ್ಯವಾಗಿ ಆ ಬಾಗಿಲು ಇರುವುದಿಲ್ಲ.