ಕರಿಯ ಕಚ್ಚಿದ್ದು ಯಾಕೆ?

ಮೈಸೂರಿನ ಓದುಗರೊಬ್ಬರು ಬರೆದಿರುವ ಪತ್ರದ ಸಾರ ಇಷ್ಟು. ಅವರ ತಾಯಿ ಮದ್ದೂರು ತಾಲ್ಲೂಕಿನ ಹಳ್ಳಿಯೊಂದರ ತೋಟದ ಮನೆಯಲ್ಲಿ ಒಬ್ಬರೇ ಇದ್ದಾರೆ. ಆಲೆಮನೆಯ ಬಳಿ ಸಿಕ್ಕಿದ ನಾಟಿ ನಾಯಿಮರಿಯೊಂದನ್ನು ಸಾಕಿ ಕರಿಯ ಎಂದು ಹೆಸರಿಟ್ಟಿದ್ದಾರೆ. ಒಂದು ರಾತ್ರಿ ಪಂಪ್‌ಸೆಟ್ಟಿನ ಕೇಬಲ್ ಕದಿಯಲು ಬಂದವರನ್ನು ಅದು ಬೊಗಳಿ ಓಡಿಸಿದಾಗ ಊರೆಲ್ಲ ಹೊಗಳಿತ್ತು. ಹೋದ ತಿಂಗಳು ತಾಯಿ ಕೊಟ್ಟಿಗೆಯ ಮುಂದೆ ಜಾರಿ ಬಿದ್ದರು. ಎಬ್ಬಿಸಲು ಕೈ ಹಿಡಿದೆಳೆದ ಪಕ್ಕದ ಮನೆಯ ಹುಡುಗನ ಮುಂಗೈಗೆ ಅದೇ ಕರಿಯ ಬಾಯಿ ಹಾಕಿತು. ಈಗ ಊರವರು ಅದನ್ನು ದೂರ ಎಲ್ಲಾದರೂ ಬಿಟ್ಟು ಬನ್ನಿ ಎನ್ನುತ್ತಿದ್ದಾರೆ. ಓದುಗರ ತಮ್ಮ ರಾಟ್‌ವೀಲರ್ ಎಂಬ ದೊಡ್ಡ ಜಾತಿಯ ನಾಯಿ ತರುತ್ತೇನೆಂದು ಹಟ ಹಿಡಿದಿದ್ದಾರೆ. ಓದುಗರಿಗೆ ಸಿಸಿ ಕ್ಯಾಮೆರಾ ಸಾಕೆನಿಸಿದೆ. ತಾಯಿ ಯಾವುದಕ್ಕೂ ಒಪ್ಪುತ್ತಿಲ್ಲ. “ಕಾಯಬೇಕಾದ ನಾಯಿಯೇ ಕಚ್ಚಿದರೆ ನಂಬುವುದು ಹೇಗೆ? ಅದಕ್ಕೆ ಅಮ್ಮನ ಮೇಲೆ ನಿಜವಾಗಿ ಪ್ರೀತಿಯಿದೆಯೋ, ಹಾಕುವ ಮುದ್ದೆಗಾಗಿ ಬಿದ್ದಿದೆಯೋ?” ಎಂದು ಕೇಳಿದ್ದಾರೆ.

ಸಂಪಾದಕರ ಉತ್ತರ:

ಆತ್ಮೀಯರೇ,

ಎರಡು ಪುಟದ ನಿಮ್ಮ ಪತ್ರದಲ್ಲಿ ನಾಯಿಯ ಬಗ್ಗೆ, ತಮ್ಮನ ಬಗ್ಗೆ, ಕ್ಯಾಮೆರಾದ ಬೆಲೆಯ ಬಗ್ಗೆ ಎಲ್ಲವೂ ಇದೆ. ಆ ಹುಡುಗನಿಗೆ ಚುಚ್ಚುಮದ್ದು ಹಾಕಿಸಿದಿರೋ ಇಲ್ಲವೋ ಎಂಬುದು ಮಾತ್ರ ಇಲ್ಲ. ಹಾಕಿಸಿಲ್ಲವಾದರೆ ಈ ಪುಟವನ್ನು ಇಲ್ಲಿಗೇ ಮಡಚಿಟ್ಟು ಅವನ ಮನೆಗೆ ಫೋನ್ ಮಾಡಿ, ಅವನನ್ನು ವೈದ್ಯರ ಬಳಿಗೆ ಕಳುಹಿಸಿ. ನಾಯಿ ಕಚ್ಚಿದ ಗಾಯವನ್ನು ತಕ್ಷಣ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು, ಆಮೇಲೆ ಆಸ್ಪತ್ರೆಗೆ ಹೋಗಬೇಕು. ಅರಿಸಿನ, ಸುಣ್ಣ, ಮೆಣಸಿನಪುಡಿ ಯಾವುದೂ ಕೂಡದು. ರೇಬಿಸ್‌ನ ಲಕ್ಷಣಗಳು ಒಮ್ಮೆ ಕಾಣಿಸಿಕೊಂಡರೆ ಬದುಕುವವರು ಇಲ್ಲವೆಂದೇ ಹೇಳಬೇಕು; ಆದರೆ ಅದಕ್ಕೆ ಮೊದಲು ಸರಿಯಾಗಿ ಚಿಕಿತ್ಸೆ ಪಡೆದರೆ ತಡೆಯಬಹುದಾದ ರೋಗ ಅದು. ಕಚ್ಚಿದ ನಾಯಿ 10 ದಿನಗಳ ನಂತರವೂ ಆರೋಗ್ಯವಾಗಿದ್ದರೆ ಆ ಕಡಿತದಿಂದ ರೋಗ ಹರಡಿಲ್ಲ ಎಂದು ವೈದ್ಯರು ಪರಿಗಣಿಸುತ್ತಾರೆ. ಕರಿಯ ಚೆನ್ನಾಗಿಯೇ ಇದ್ದಾನೆ ಎಂದು ನಿಮ್ಮ ಪತ್ರದಿಂದ ತಿಳಿಯುತ್ತದೆ. ಹಾಗೆಂದು “ಹತ್ತು ದಿನ ನೋಡೋಣ, ಆಮೇಲೆ ಸೂಜಿ” ಎಂದು ಕಾಯುವ ಜೂಜನ್ನು ಯಾರೂ ಆಡಬಾರದು.

ಇನ್ನು ನಿಮ್ಮ ಪ್ರಶ್ನೆ. ಕರಿಯನ ಕಣ್ಣಿನಿಂದ ಆ ಗಳಿಗೆಯನ್ನು ನೋಡಿ. ಯಾವಾಗಲೂ ನಿಂತು ಓಡಾಡುವ ಜೀವ ನೆಲದ ಮೇಲೆ ಬಿದ್ದಿದೆ, ನೋವಿನಿಂದ ಕೂಗುತ್ತಿದೆ. ಹೊರಗಿನವನೊಬ್ಬ ಓಡಿ ಬಂದು, ಬಗ್ಗಿ, ತೋಳು ಹಿಡಿದು ಎಳೆಯುತ್ತಿದ್ದಾನೆ. ಎಳೆದಾಗ ಕೂಗು ಇನ್ನೂ ಜೋರಾಗಿದೆ. ಎಬ್ಬಿಸುವ ಕೈ ಯಾವುದು, ಕೆಡವುವ ಕೈ ಯಾವುದು ಎಂದು ಬಿಡಿಸಿ ನೋಡುವ ವಿವೇಚನೆ ನಾಯಿಗಿಲ್ಲ. ಕೇಬಲ್ ಕಳ್ಳರನ್ನು ಓಡಿಸಿದ್ದೂ ಈ ಹುಡುಗನನ್ನು ಕಚ್ಚಿದ್ದೂ ಒಂದೇ ಸ್ವಭಾವ. ಮೊದಲನೆಯದಕ್ಕೆ ಹೊಗಳಿದ ಊರು ಎರಡನೆಯದಕ್ಕೆ ಗಡೀಪಾರು ಮಾಡಲು ಹೊರಟಿದೆ. ನನಗೆ ಇದು ನ್ಯಾಯವೆನಿಸುವುದಿಲ್ಲ. ಅದು ಕಾನೂನೂ ಅಲ್ಲ: ಸಾಕಿದ ಪ್ರಾಣಿಯನ್ನು ಹಸಿವು, ಬಾಯಾರಿಕೆಗೆ ಗುರಿಯಾಗುವಂತೆ ಎಲ್ಲೋ ಬಿಟ್ಟು ಬರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ.

ಪ್ರೀತಿಯೋ ಮುದ್ದೆಯೋ ಎಂದು ಕೇಳಿದ್ದೀರಿ. ಮುದ್ದೆಯೂ ಹೌದು, ಅದರಲ್ಲಿ ನಾಚಿಕೆಯೇನು? ನಾವೆಲ್ಲ ಉಣ್ಣಿಸಿದವರನ್ನೇ ಮೊದಲು ಪ್ರೀತಿಸಿದವರು. ಆದರೆ ಅಷ್ಟೇ ಅಲ್ಲ. ನಾಯಿ ಮತ್ತು ಅದರ ಒಡೆಯರು ಒಬ್ಬರ ಕಣ್ಣನ್ನೊಬ್ಬರು ನೋಡುತ್ತಿದ್ದಾಗ ಇಬ್ಬರ ದೇಹದಲ್ಲೂ ಆಕ್ಸಿಟೋಸಿನ್ ಹೆಚ್ಚುತ್ತದೆಂದು ಜಪಾನಿನ ಸಂಶೋಧಕರು 2015ರಲ್ಲಿ ತೋರಿಸಿದರು. ತಾಯಿ ಮಗುವಿನ ನಂಟಿನಲ್ಲಿ ಕೆಲಸ ಮಾಡುವ ಹಾರ್ಮೋನು ಅದು. ಮನುಷ್ಯರೇ ಸಾಕಿದ ತೋಳಗಳಲ್ಲಿ ಇದು ಕಾಣಲಿಲ್ಲ. ಜರ್ಮನಿಯ ಬಾನ್ ನಗರದ ಬಳಿ ಸುಮಾರು 14,000 ವರ್ಷ ಹಿಂದಿನ ಸಮಾಧಿಯೊಂದರಲ್ಲಿ ಒಬ್ಬ ಗಂಡಸು, ಒಬ್ಬ ಹೆಂಗಸಿನ ಜೊತೆ ನಾಯಿಮರಿಯೊಂದರ ಮೂಳೆಗಳು ಸಿಕ್ಕಿವೆ. ಅದರ ಹಲ್ಲುಗಳನ್ನು ಪರೀಕ್ಷಿಸಿದವರು, ಅದು ಸಾಯುವ ಮೊದಲು ನಾಯಿಗಳಿಗೆ ಬರುವ ಡಿಸ್ಟೆಂಪರ್ ಎಂಬ ವೈರಸ್ ರೋಗದಂಥ ಕಾಯಿಲೆಯಿಂದ ವಾರಗಟ್ಟಲೆ ನರಳಿತ್ತು, ಯಾರೋ ಆರೈಕೆ ಮಾಡದೆ ಅಷ್ಟು ದಿನ ಬದುಕಲು ಸಾಧ್ಯವಿರಲಿಲ್ಲ ಎನ್ನುತ್ತಾರೆ. ಕಾವಲಿಗಾಗಲೀ ಬೇಟೆಗಾಗಲೀ ಬಾರದ, ಕಾಯಿಲೆ ಬಿದ್ದ ಮರಿ. ಆದರೂ ಬಿಸಾಡಲಿಲ್ಲ.

ಅಷ್ಟು ದೂರ ಯಾಕೆ, ನಿಮ್ಮದೇ ತಾಲ್ಲೂಕಿನ ಆತಕೂರಿಗೆ ಬನ್ನಿ. ಅಲ್ಲಿನ ಶಾಸನದ ಕಥೆಯನ್ನು ಶಾಲೆಯಲ್ಲಿ ಓದಿರುತ್ತೀರಿ, ಮರೆತಿರುತ್ತೀರಿ. 949ರಲ್ಲಿ ತಕ್ಕೋಲದಲ್ಲಿ ರಾಷ್ಟ್ರಕೂಟರ ಮೂರನೆಯ ಕೃಷ್ಣನಿಗೂ ಚೋಳರಿಗೂ ಯುದ್ಧವಾಯಿತು. ಕೃಷ್ಣನ ಪರ ನಿಂತ ಗಂಗರ ಇಮ್ಮಡಿ ಬೂತುಗನ ಕೈಯಲ್ಲಿ ಚೋಳ ರಾಜಾದಿತ್ಯ ಸತ್ತ. ಆ ಕಾಳಗದಲ್ಲಿ ಮೆರೆದ ಮಣಲೇರನೆಂಬ ವೀರನಿಗೆ ಬೂತುಗ, ಏನು ಬೇಕೋ ಕೇಳು ಎಂದ. ಮಣಲೇರ ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಮುಂದೆ ಬೆಳತೂರಿನ ಪಡುವಣ ದಿಕ್ಕಿನ ಮೊರಡಿಯಲ್ಲಿ ಅವನು ಕಾಳಿಯನ್ನು ದೊಡ್ಡ ಹಂದಿಯೊಂದರ ಮೇಲೆ ಬಿಟ್ಟಾಗ ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು. ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಟ್ಟರು. ಆ ಕಲ್ಲನ್ನು ಪೂಜಿಸದೆ ಗೊರವ, ಅಂದರೆ ಗುಡಿಯ ಶೈವ ಪೂಜಾರಿ, ಉಂಡರೆ ನಾಯಿಯ ಪಾಪ ಅವನಿಗೆ ತಟ್ಟಲಿ ಎಂದೂ ಬರೆಸಿದರು. ಹಂದಿ ನಾಯಿಗಳ ಸೆಣಸಾಟವನ್ನು ಕೆತ್ತಿರುವ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತು ಸಂಗ್ರಹಾಲಯದಲ್ಲಿದೆ.

ಎಲ್ಲರೂ ಈ ಶಾಸನವನ್ನು ನಾಯಿಯ ಸ್ವಾಮಿಭಕ್ತಿಗೆ ಉದಾಹರಣೆಯಾಗಿ ಹೇಳುತ್ತಾರೆ. ನನಗೆ ಅದರಲ್ಲಿ ಕಣ್ಣಿಗೆ ಬೀಳುವುದು ಬೇರೆ. ಕಾಳಿ ತಾನಾಗಿ ಹಂದಿಯ ಮೇಲೆ ಹೋಗಲಿಲ್ಲ. ಮಣಲೇರ ಬಿಟ್ಟ, ಅದು ಹೋಯಿತು. ಸತ್ತ ಮೇಲೆ ಕಲ್ಲು ನೆಟ್ಟವನೂ ಅವನೇ. ನಾಯಿಯ ಧೈರ್ಯ ಎಲ್ಲಿಗೆ ಹೋಗಬೇಕು, ಎಲ್ಲಿ ನಿಲ್ಲಬೇಕು ಎಂಬುದನ್ನು ತೀರ್ಮಾನಿಸಬೇಕಾದವನು ಅಂದೂ ಮನುಷ್ಯನೇ, ಇಂದೂ ಮನುಷ್ಯನೇ. ಕರಿಯನಿಗೆ ನೀವು ಯಾರೂ ಏನನ್ನೂ ಕಲಿಸಲಿಲ್ಲ. ಅವನಿಗೆ ತೋಚಿದಂತೆ ಕಾದ.

ಹಾಗಾದರೆ ಕಲಿಸುವುದು ಹೇಗೆ? ಮೊದಲು ಸರಪಳಿಯ ವಿಚಾರ. ಕಚ್ಚಿದ ದಿನದಿಂದ ಹಗಲೂ ರಾತ್ರಿ ಕಟ್ಟಿಹಾಕಿದ್ದೇವೆ ಎಂದು ಬರೆದಿದ್ದೀರಿ. ಇದರಿಂದ ನಾಯಿ ಕೆಡುತ್ತದೆ. ಹೆದರಿದ ನಾಯಿಗೆ ಎರಡು ದಾರಿ: ದೂರ ಸರಿಯುವುದು ಅಥವಾ ಎದುರು ಬೀಳುವುದು. ಸರಪಳಿ ಮೊದಲನೆಯದನ್ನು ಕಿತ್ತುಕೊಳ್ಳುತ್ತದೆ. ಹೊರಗಿನವರು ಬರುವ ಹೊತ್ತಿನಲ್ಲಿ ಬಾಗಿಲಿರುವ ಒಂದು ಕೋಣೆಯಲ್ಲೋ ಬೇಲಿ ಕಟ್ಟಿದ ಮೂಲೆಯಲ್ಲೋ ಇರಲಿ, ಉಳಿದ ಹೊತ್ತು ತಾಯಿಯವರ ಹಿಂದೆಮುಂದೆ ಸುಳಿದಾಡಲಿ. ಬೊಗಳುವ ನಾಯಿ ಕಚ್ಚುವುದಿಲ್ಲ ಎಂಬ ಗಾದೆಯನ್ನು ನಂಬಬೇಡಿ, ಎಷ್ಟೋ ನಾಯಿಗಳು ಎರಡನ್ನೂ ಮಾಡುತ್ತವೆ. ಬೊಗಳಿದ್ದಕ್ಕೆ ಹೊಡೆಯಲೂ ಬೇಡಿ. ಗುರುಗುಟ್ಟುವುದು, ಬೊಗಳುವುದು ಅದು ಕೊಡುವ ಎಚ್ಚರಿಕೆ. ಹೊಡೆದು ಬಾಯಿ ಮುಚ್ಚಿಸಿದರೆ ಮುಂದೆ ಎಚ್ಚರಿಕೆ ಕೊಡದೆ ಕಚ್ಚುತ್ತದೆ. ತಾಯಿಯವರು ಕಿವಿಗೊಟ್ಟು ಕೇಳಿದರೆ ಅಪರಿಚಿತರಿಗೆ ಬೊಗಳುವುದಕ್ಕೂ ಆಟಕ್ಕೆ ಬೊಗಳುವುದಕ್ಕೂ ವ್ಯತ್ಯಾಸ ತಿಳಿಯುತ್ತದೆ, ಬಹುಶಃ ಈಗಾಗಲೇ ತಿಳಿದಿದೆ. ನಾಯಿ ಸಾಕಿ ಗೊತ್ತಿಲ್ಲದವರೂ ಇದನ್ನು ಸುಮಾರಾಗಿ ಗುರುತಿಸಬಲ್ಲರೆಂದು ಹಂಗೇರಿಯ ವಿಜ್ಞಾನಿಗಳು ಧ್ವನಿಮುದ್ರಣ ಕೇಳಿಸಿ ಪರೀಕ್ಷಿಸಿದ್ದಾರೆ.

ಮದ್ದೂರಿನ ಪಶು ಆಸ್ಪತ್ರೆಗೆ ಕರೆದೊಯ್ದು ರೇಬಿಸ್ ಲಸಿಕೆ ಹಾಕಿಸಿ, ವರ್ಷ ವರ್ಷವೂ ತಪ್ಪಿಸಬೇಡಿ. ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದರೆ ಅಲೆದಾಟ, ಕಾದಾಟ ಕಡಿಮೆಯಾಗುತ್ತದೆ. ಕಚ್ಚುವ ಗುಣಕ್ಕೆ ಅದೇ ಮದ್ದು ಎಂದು ಮಾತ್ರ ತಿಳಿಯಬೇಡಿ.

ನಿಮ್ಮ ಪತ್ರದಲ್ಲಿ ನನ್ನನ್ನು ಬೆಚ್ಚಿಬೀಳಿಸಿದ್ದು ಕಚ್ಚಿದ ಸಂಗತಿಯಲ್ಲ, “ರಾತ್ರಿ ಹೊರಗೆ ಕಬ್ಬಿನ ಗದ್ದೆಯ ಬದಿಯ ಕಂಬಕ್ಕೆ ಕಟ್ಟುತ್ತೇವೆ” ಎಂಬ ಸಾಲು. ಮಂಡ್ಯದ ಕಬ್ಬಿನ ಗದ್ದೆಗಳಲ್ಲಿ ಚಿರತೆ ಮರಿ ಹಾಕುವುದು, ಅರಣ್ಯ ಇಲಾಖೆಯವರು ಬೋನು ಇಡುವುದು ನಿಮಗೆ ಹೊಸ ಸುದ್ದಿಯಲ್ಲ. ಮಹಾರಾಷ್ಟ್ರದ ಅಕೋಲೆಯ ಕಬ್ಬಿನ ಸೀಮೆಯಲ್ಲಿ ವನ್ಯಜೀವಿ ಸಂಶೋಧಕಿ ವಿದ್ಯಾ ಆತ್ರೇಯ ಮತ್ತು ಸಂಗಡಿಗರು ಚಿರತೆಯ ಹಿಕ್ಕೆಯನ್ನು ಪರೀಕ್ಷಿಸಿದಾಗ ಅದರ ಆಹಾರದಲ್ಲಿ ಎಲ್ಲಕ್ಕಿಂತ ದೊಡ್ಡ ಪಾಲು ನಾಯಿಯದೇ ಆಗಿತ್ತು. ಕಂಬಕ್ಕೆ ಕಟ್ಟಿದ ನಾಯಿ ಚಿರತೆಯ ಪಾಲಿಗೆ ಬಡಿಸಿಟ್ಟ ಎಲೆ. ಅದನ್ನು ಹುಡುಕಿ ಬರುವ ಚಿರತೆ ನಿಮ್ಮ ತಾಯಿ ಮಲಗುವ ಮನೆಯ ಅಂಗಳಕ್ಕೇ ಬಂದಂತಾಯಿತು. ಕತ್ತಲಾದ ಮೇಲೆ ಕರಿಯ ಒಳಗಿರಲಿ. ಒಳಗಿನಿಂದಲೂ ಅವನಿಗೆ ಅಂಗಳದ ಹೆಜ್ಜೆ ಕೇಳಿಸುತ್ತದೆ. ನಮ್ಮ ಕಿವಿಗೆ ನಿಲುಕದ ಸದ್ದೂ ಅವನಿಗೆ ನಿಲುಕುತ್ತದೆ. ಅಷ್ಟು ಸಾಕು, ಎದುರು ನಿಂತು ಹೋರಾಡುವುದು ಅವನ ಕೆಲಸವಲ್ಲ.

ನಿಮ್ಮ ತಮ್ಮನಿಗೆ ಹೇಳಿ: ರಾಟ್‌ವೀಲರ್ ನಲವತ್ತು ಐವತ್ತು ಕಿಲೋ ತೂಗುವ ನಾಯಿ. ಅದು ಪ್ರೀತಿಯಿಂದ ಹಾರಿದರೂ ನಿಮ್ಮ ತಾಯಿ ಇನ್ನೊಮ್ಮೆ ಬೀಳುತ್ತಾರೆ. ಅದನ್ನು ದಿನವೂ ಓಡಾಡಿಸಿ, ತರಬೇತಿ ಕೊಡುವವರು ಯಾರು? ಮೈಸೂರಿನಲ್ಲಿ ಕುಳಿತ ನೀವಿಬ್ಬರೂ ಅಲ್ಲವಷ್ಟೆ.

ತಾಯಿಯವರು ಯಾಕೆ ಒಪ್ಪುತ್ತಿಲ್ಲ ಎಂಬುದನ್ನೂ ಯೋಚಿಸಿ. ನೀವು ವಾರಕ್ಕೊಮ್ಮೆ ಫೋನ್ ಮಾಡುತ್ತೀರಿ ಎಂದು ನಾನು ಊಹಿಸಿದರೆ ಕೋಪಿಸಿಕೊಳ್ಳಬೇಡಿ. ಉಳಿದ ದಿನಗಳಲ್ಲಿ ಸೊಸೆಯ ಮೇಲಿನ ದೂರನ್ನೂ ಮಂಡಿನೋವನ್ನೂ ಕೇಳಿಸಿಕೊಳ್ಳುವ ಜೀವ ಆ ಮನೆಯಲ್ಲಿ ಅದೊಂದೇ. ಒಬ್ಬರಿಗೇ ಆದರೆ ಒಲೆ ಹಚ್ಚಲು ಬೇಸರಿಸುವ ಮುದುಕಿಯರು ನಾಯಿಗೆಂದು ಮುದ್ದೆ ತೊಳಸುತ್ತಾರೆ, ಆ ನೆಪದಲ್ಲಿ ತಾವೂ ಉಣ್ಣುತ್ತಾರೆ.

ಹುಡುಗ ಮತ್ತೆ ಬರುವುದಕ್ಕೆ ಒಪ್ಪಿದರೆ, ತಾಯಿಯವರು ಜಗುಲಿಯ ಮೇಲೆ ಕುಳಿತು ಸಮಾಧಾನವಾಗಿ ಮಾತನಾಡುತ್ತಿರಲಿ, ಅವನು ಬೇಲಿಯ ಆಚೆಯಿಂದ ಕರಿಯನತ್ತ ದಿಟ್ಟಿಸದೆ ಒಂದಿಷ್ಟು ತಿನಿಸು ಎಸೆದು ಹೋಗಲಿ. ಕೈ ಚಾಚುವುದು, ತಲೆ ಸವರುವುದು ಸದ್ಯಕ್ಕೆ ಬೇಡ. ಕರಿಯನ ಬಾಲ, ಮೈ ಸಡಿಲವಾಗುವವರೆಗೆ ಬೇಲಿ ನಡುವೆ ಇರಲಿ. ಅದಕ್ಕೆ ವಾರಗಳೇ ಹಿಡಿಯಬಹುದು. ಹುಡುಗ ಒಪ್ಪದಿದ್ದರೆ ಬಲವಂತ ಮಾಡಬೇಡಿ, ಕಚ್ಚಿಸಿಕೊಂಡವನು ಅವನು. ಅವನ ಆಸ್ಪತ್ರೆಯ ಖರ್ಚನ್ನು, ಕೂಲಿ ತಪ್ಪಿದ್ದರೆ ಅದನ್ನೂ, ನೀವೇ ಕೊಡಿ.

ಕ್ಯಾಮೆರಾ ಹಾಕಿಸುವುದಾದರೆ ಹಾಕಿಸಿ, ನನ್ನ ತಕರಾರಿಲ್ಲ. ಗೇಟಿಗೂ ಪಂಪ್‌ಸೆಟ್ಟಿನ ಮನೆಗೂ ಸಾಕು, ತಾಯಿಯವರ ಅಡುಗೆಮನೆಗೆ ಬೇಡ. ಅದಕ್ಕಿಂತ ಮೊದಲು ಕೊಟ್ಟಿಗೆಯ ಮುಂದಿನ ಆ ಜಾರುವ ಕಲ್ಲುಚಪ್ಪಡಿಯನ್ನು ಒರಟು ಮಾಡಿಸಿ, ಹಿಡಿದುಕೊಳ್ಳಲು ಒಂದು ಕಂಬಿ ಹಾಕಿಸಿ.