ಸಂಪಾದಕರ ಉತ್ತರ: ಅಡಿಕೆ ಗುಂಪಿಗೆ ಬಂದ ಮದುವೆಯ ಕರೆಯೋಲೆ

ತೀರ್ಥಹಳ್ಳಿ ತಾಲ್ಲೂಕಿನ ಓದುಗರೊಬ್ಬರು, ನಿವೃತ್ತ ಶಿಕ್ಷಕರು, ಹೆಸರು ಪ್ರಕಟಿಸಬಾರದೆಂಬ ಕೋರಿಕೆಯೊಂದಿಗೆ ನಮಗೆ ನಾಲ್ಕು ಪುಟಗಳ ಪತ್ರ ಬರೆದಿದ್ದಾರೆ. ಎಲೆಚುಕ್ಕೆ ರೋಗ ಮಲೆನಾಡಿನ ತೋಟಗಳನ್ನು ಕಾಡತೊಡಗಿದಾಗ ಅವರು ಸುತ್ತಲಿನ ಅಡಿಕೆ ಬೆಳೆಗಾರರನ್ನು ಸೇರಿಸಿ ಒಂದು ವಾಟ್ಸ್‌ಆ್ಯಪ್ ಗುಂಪು ಮಾಡಿದರು. ಬೋರ್ಡೋ ದ್ರಾವಣದ ಹದ, ಔಷಧಿ ಹೊಡೆಯುವ ಸಮಯ, ಪೇಟೆಯ ಧಾರಣೆ, ಕೊನೆ ತೆಗೆಯುವವರು ಯಾವ ಊರಿನಲ್ಲಿ ಸಿಕ್ಕಾರು ಎಂಬ ವಿಚಾರಗಳಿಗೆ ಮೀಸಲಾಗಿದ್ದ ಆ ಗುಂಪಿನಲ್ಲಿ ಈಗ 600 ಜನರಿದ್ದಾರೆ. ದಾಖಲೆಯಿಲ್ಲದೆ ಸಾಲ, ಷೇರುಪೇಟೆಯ ಖಚಿತ ಲಾಭ, ಮನೆಯಲ್ಲೇ ಕುಳಿತು ದುಡಿಮೆ ಎಂಬ ಜಾಹೀರಾತುಗಳು ದಿನವಿಡೀ ಬರುತ್ತಿವೆ. ಕಳೆದ ತಿಂಗಳು ಸದಸ್ಯರೊಬ್ಬರ ಸಂಖ್ಯೆಯಿಂದ ಬಂದ ‘ಮದುವೆಯ ಕರೆಯೋಲೆ’ಯನ್ನು ತೆರೆದ ಮತ್ತೊಬ್ಬರು ತಮ್ಮ ಖಾತೆಯಲ್ಲಿದ್ದ 48 ಸಾವಿರ ರೂಪಾಯಿ ಕಳೆದುಕೊಂಡಿದ್ದಾರೆ. ಗುಂಪನ್ನು ಮುಚ್ಚಿಬಿಡಲೇ, ಅಡ್ಮಿನ್‌ಗಳು ಮಾತ್ರ ಬರೆಯುವಂತೆ ಮಾಡಲೇ, ಇದಕ್ಕೆಲ್ಲ ನಾನು ಕಾನೂನಿನಲ್ಲಿ ಹೊಣೆಗಾರನೇ ಎಂಬುದು ಅವರ ಪ್ರಶ್ನೆ. ಪತ್ರದ ಕೊನೆಯಲ್ಲಿ ಒಂದು ಕೋರಿಕೆಯೂ ಇದೆ; ಅದಕ್ಕೆ ಕೊನೆಯಲ್ಲೇ ಬರುತ್ತೇನೆ.

ಮಾನ್ಯರೇ,

ಮೊದಲು ಆ ಕರೆಯೋಲೆಯ ವಿಚಾರ. ನೀವು ಕಳುಹಿಸಿರುವ ಚಿತ್ರದಲ್ಲಿ ಕಡತದ ಹೆಸರು ‘ಎಪಿಕೆ’ ಎಂದು ಮುಗಿಯುತ್ತದೆ. ನಿಜವಾದ ಲಗ್ನಪತ್ರಿಕೆ ಚಿತ್ರವಾಗಿಯೋ ಪಿಡಿಎಫ್ ಆಗಿಯೋ ಬರುತ್ತದೆ; ಎಪಿಕೆ ಎಂಬುದು ಆಂಡ್ರಾಯ್ಡ್ ಫೋನಿನಲ್ಲಿ ಹೊಸ ಆ್ಯಪ್ ಅನುಸ್ಥಾಪಿಸುವ ಕಡತ. ಅದನ್ನು ಒತ್ತಿದಾಗ ಫೋನು ಒಂದೆರಡು ಬಾರಿ ಎಚ್ಚರಿಸುತ್ತದೆ, ಅನುಮತಿ ಕೇಳುತ್ತದೆ. ಮದುವೆ ಯಾರದೆಂದು ತಿಳಿಯುವ ಆತುರದಲ್ಲಿ ನಾವು ಎಲ್ಲಕ್ಕೂ ಒಪ್ಪಿಗೆ ಕೊಡುತ್ತೇವೆ. ಎಸ್‌ಎಂಎಸ್ ಓದುವ ಅನುಮತಿ ಸಿಕ್ಕಿದ ಕೂಡಲೇ ಬ್ಯಾಂಕಿನಿಂದ ಬರುವ ಒಟಿಪಿ ನಮಗೆ ಕಾಣುವ ಮೊದಲೇ ವಂಚಕನಿಗೆ ಮುಟ್ಟಬಹುದು. ಅದೇ ಕಡತ ನಮ್ಮ ಹೆಸರಿನಲ್ಲಿಯೇ ನಮ್ಮ ಇತರ ಗುಂಪುಗಳಿಗೂ ಹೋಗುವುದುಂಟು. ಆದ್ದರಿಂದ ಕಡತ ಯಾರ ಸಂಖ್ಯೆಯಿಂದ ಬಂದಿತೋ ಆ ಸದಸ್ಯರನ್ನು ಗುಂಪಿನಲ್ಲಿ ಎಲ್ಲರೂ ಸೇರಿ ಜರಿದದ್ದು ಸರಿಯಲ್ಲ ಎಂದು ನನಗೆ ಅನಿಸುತ್ತದೆ. ಬಹುಶಃ ಅವರು ಕಳುಹಿಸಿದವರಲ್ಲ, ಮೊದಲು ಮೋಸಹೋದವರು. ಅವರಿಗೆ ಫೋನ್ ಮಾಡಿ, ಆ ಆ್ಯಪನ್ನು ತೆಗೆಯಿಸಿ, ಅದು ಹೋಗದಿದ್ದರೆ ಫೋನನ್ನು ಪೂರ್ತಿಯಾಗಿ ರೀಸೆಟ್ ಮಾಡಿಸಿ, ವಾಟ್ಸ್‌ಆ್ಯಪ್‌ನಲ್ಲಿ ಎರಡು ಹಂತದ ದೃಢೀಕರಣದ ಪಿನ್ ಹಾಕಿಸಿ. ಹಣ ಕಳೆದುಕೊಂಡವರು ಆರು ದಿನ ಕಾದು ಠಾಣೆಗೆ ಹೋದರೆಂದು ಬರೆದಿದ್ದೀರಿ. ಇಂಥ ಪ್ರಕರಣದಲ್ಲಿ ಮೊದಲ ಕೆಲಸ ಸೈಬರ್ ವಂಚನೆಯ ಸಹಾಯವಾಣಿಯಾದ 1930 ಸಂಖ್ಯೆಗೆ ಕರೆ ಮಾಡುವುದು. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುತ್ತ ಹೋಗುವ ಮೊದಲ ಗಂಟೆಗಳಲ್ಲಿ ದೂರು ಬಂದರೆ ಅದನ್ನು ನಡುದಾರಿಯಲ್ಲಿ ತಡೆಹಿಡಿಯುವ ಸಾಧ್ಯತೆ ಇರುತ್ತದೆ. ಆರು ದಿನಗಳ ನಂತರ ಆ ಸಾಧ್ಯತೆ ತೀರ ಕಡಿಮೆ.

ಇನ್ನು ಮುಖ್ಯ ಪ್ರಶ್ನೆ: ಗುಂಪನ್ನು ಮುಚ್ಚಬೇಕೇ? ಬೇಡ. ಆದರೆ ನಿಮ್ಮ ಪತ್ರದಲ್ಲಿ ನೀವು ವಂಚಕರ ಜಾಹೀರಾತನ್ನು ಒಂದು ಕಡೆಗೂ, ಸದಸ್ಯರೇ ಹಾಕುವ ಶುಭೋದಯದ ಚಿತ್ರ, ದೇವರ ಪಟ, ಹಾಸ್ಯದ ವಿಡಿಯೋಗಳನ್ನು ಇನ್ನೊಂದು ಕಡೆಗೂ ಇಟ್ಟು, ಎರಡನೆಯದನ್ನು ‘ನಿರಪಾಯಕಾರಿ’ ಎಂದು ಕರೆದಿದ್ದೀರಿ. ನನ್ನ ಭಿನ್ನಾಭಿಪ್ರಾಯ ಇಲ್ಲಿಯೇ. ದಿನಕ್ಕೆ ನೂರು ಚಿತ್ರಗಳು ಬೀಳುವ ಗುಂಪಿನಲ್ಲಿ ಸದಸ್ಯನ ಬೆರಳು ಓದದೆಯೇ ಒತ್ತುವುದನ್ನು ರೂಢಿಸಿಕೊಳ್ಳುತ್ತದೆ. ಅಡಿಕೆಯ ಮಾತು ಮಾತ್ರ ಇರುವ ಕಡೆ ಮದುವೆಯ ಕರೆಯೋಲೆ ಬಂದರೆ ‘ಇದೇನಿದು’ ಎಂದು ಯಾರಾದರೂ ಕೇಳಿಯಾರು. ನೂರು ಸಂಬಂಧವಿಲ್ಲದ ಸಂದೇಶಗಳ ನಡುವೆ ಅದು ನೂರಾ ಒಂದನೆಯದು. ವಂಚಕನಿಗೆ ನಿಮ್ಮ ಗುಂಪಿನ ಮೇಲೆ ವಿಶೇಷ ದ್ವೇಷವೇನೂ ಇಲ್ಲ. ನೀವು ವರ್ಷಗಟ್ಟಲೆ ಕೂಡಿಸಿದ ಪರಸ್ಪರ ನಂಬಿಕೆ ಅವನಿಗೆ ಬಿಟ್ಟಿಯಾಗಿ ಸಿಗುತ್ತದೆ, ಒಳ್ಳೆಯ ಮನಸ್ಸಿನವರು ಹಾಕುವ ಕಸ ಅವನಿಗೆ ಮರೆಯಾಗುತ್ತದೆ.

ನನ್ನ ವಯಸ್ಸಿನ ಓದುಗರಿಗೆ ಹಳೆಯ ಅಂಚೆ ಕಾರ್ಡುಗಳು ನೆನಪಿರಬಹುದು. ಇಂಥ ದೇವರ ಮಹಿಮೆಯನ್ನು ಇಷ್ಟು ಜನರಿಗೆ ಬರೆದು ಕಳುಹಿಸಿದರೆ ಐಶ್ವರ್ಯ, ಹರಿದು ಹಾಕಿದರೆ ಮನೆಯಲ್ಲಿ ಅನಾಹುತ ಎಂದು ಹೆದರಿಸುವ ಆ ಕಾರ್ಡುಗಳು ನಮ್ಮ ಕಚೇರಿಗೂ ಬರುತ್ತಿದ್ದವು. ಆದರೆ ಅವನ್ನು ಮುಂದುವರಿಸಲು ಕಾರ್ಡಿಗೆ ತಲಾ 15 ಪೈಸೆಯನ್ನೂ ಒಂದು ಮಧ್ಯಾಹ್ನವನ್ನೂ ಖರ್ಚು ಮಾಡಬೇಕಿತ್ತು; ಭಯಭಕ್ತಿಯುಳ್ಳವರೂ ಆರನೆಯ ಕಾರ್ಡಿಗೆ ಕೈನೋವೆಂದು ನಿಲ್ಲಿಸುತ್ತಿದ್ದರು. ಆ ಖರ್ಚು ಮತ್ತು ಆ ಕೈನೋವು ಈಗ ಇಲ್ಲ. ಲಕ್ಷ ಜನರಿಗೆ ಕಳುಹಿಸಿದ್ದರಲ್ಲಿ ಒಬ್ಬ ಸಿಕ್ಕಿಬಿದ್ದರೂ ಕಳುಹಿಸಿದವನಿಗೆ ಲಾಭವೇ.

ಈ ಲೆಕ್ಕಾಚಾರ ಹೊಸದಲ್ಲ. 1978ರ ಮೇ 3ರಂದು ಅಮೆರಿಕದ ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿಯ ಗ್ಯಾರಿ ಥುಯೆರ್ಕ್ ಎಂಬ ಮಾರಾಟಗಾರ, ಅಂತರ್ಜಾಲದ ಪೂರ್ವಜವಾದ ಆರ್ಪಾನೆಟ್‌ನಲ್ಲಿ ಸುಮಾರು 400 ಜನರಿಗೆ ಒಂದೇ ಏಟಿಗೆ ಕಂಪ್ಯೂಟರಿನ ಜಾಹೀರಾತು ಕಳುಹಿಸಿದ. ಬೈಗುಳವೂ ಬಂತು, ವ್ಯಾಪಾರವೂ ಆಯಿತು. ನಿಮಗೆ ಹೆಚ್ಚು ಉಪಯೋಗವಾಗುವುದು 1994ರ ಏಪ್ರಿಲ್ ತಿಂಗಳ ಕಥೆ. ಅರಿಜೋನಾದ ವಕೀಲ ದಂಪತಿ, ಕ್ಯಾಂಟರ್ ಮತ್ತು ಸೀಗಲ್, ಗ್ರೀನ್ ಕಾರ್ಡ್ (ಅಮೆರಿಕದಲ್ಲಿ ಕಾಯಂ ನೆಲೆಸುವ ಅನುಮತಿ) ಲಾಟರಿಯ ಅರ್ಜಿ ತುಂಬಿಕೊಡುತ್ತೇವೆಂಬ ಜಾಹೀರಾತನ್ನು ಯೂಸ್‌ನೆಟ್‌ನ ಸಾವಿರಾರು ಚರ್ಚಾಗುಂಪುಗಳಲ್ಲಿ, ಅಲ್ಲಿ ಏನು ಚರ್ಚೆ ನಡೆಯುತ್ತಿದೆಯೆಂದು ನೋಡದೆ, ಹಾಕಿಬಿಟ್ಟರು. ಕುಪಿತರಾದ ಸದಸ್ಯರು ಬರೆದ ಪ್ರತಿಭಟನೆಯ ಪ್ರವಾಹಕ್ಕೆ ಆ ದಂಪತಿಯ ಇಂಟರ್ನೆಟ್ ಸೇವಾ ಸಂಸ್ಥೆಯ ಯಂತ್ರಗಳೇ ಮತ್ತೆ ಮತ್ತೆ ಕುಸಿದವು. ಗುಂಪುಗಳ ಒಳಗೂ ಮೂಲ ಜಾಹೀರಾತು ಒಂದೇ, ಅದರ ಕುರಿತ ಜಗಳ ನೂರಾರು. ನಿಮ್ಮ ಗುಂಪಿನಲ್ಲಿ ಸಾಲದ ಜಾಹೀರಾತಿಗೆ ‘ಇದು ಮೋಸ’, ‘ಅಡ್ಮಿನ್ ಏನು ಮಾಡುತ್ತಿದ್ದಾರೆ’, ‘ದಯವಿಟ್ಟು ಇಲ್ಲಿ ಹಾಕಬೇಡಿ’ ಎಂದು 37 ಉತ್ತರಗಳು ಬಂದವೆಂದು ನೀವೇ ಎಣಿಸಿ ಬರೆದಿದ್ದೀರಿ. ಅಂದು ಸಂಜೆ ಔಷಧಿ ಹೊಡೆಯುವ ಬಗ್ಗೆ ಯಾರೋ ಕೇಳಿದ್ದ ಪ್ರಶ್ನೆ ಆ 37ರ ಕೆಳಗೆ ಹೂತುಹೋಯಿತು. ಇಂಥ ಬೇಡದ ಸಂದೇಶಗಳಿಗೆ ಸ್ಪ್ಯಾಮ್ ಎಂಬ ಹೆಸರು ಬಂದದ್ದೂ ಹೀಗೆಯೇ: 1970ರ ಬ್ರಿಟಿಷ್ ಟೆಲಿವಿಷನ್ನಿನ ಹಾಸ್ಯ ಪ್ರಸಂಗವೊಂದರಲ್ಲಿ ಡಬ್ಬಿ ಮಾಂಸದ ಆ ಹೆಸರನ್ನೇ ಕೂಗಿ ಕೂಗಿ ಉಳಿದ ಮಾತುಕತೆಯನ್ನೆಲ್ಲ ಮುಳುಗಿಸುತ್ತಾರೆ.

ಆದ್ದರಿಂದ ಸದಸ್ಯರಿಗೆ ಹೇಳಬೇಕಾದದ್ದು ಇಷ್ಟೇ: ಅಂಥ ಸಂದೇಶಕ್ಕೆ ಗುಂಪಿನಲ್ಲಿ ಉತ್ತರಿಸಬೇಡಿ, ಎಚ್ಚರಿಸುವ ನೆಪದಲ್ಲಿಯೂ ಅದನ್ನು ಬೇರೆ ಕಡೆ ಹಂಚಬೇಡಿ, ಅಡ್ಮಿನ್‌ಗೆ ಖಾಸಗಿಯಾಗಿ ತಿಳಿಸಿ, ರಿಪೋರ್ಟ್ ಒತ್ತಿ. ಅಡ್ಮಿನ್ ಎಲ್ಲರ ಫೋನಿನಿಂದಲೂ ಸಂದೇಶವನ್ನು ಅಳಿಸಬಲ್ಲರು, ಹೊಸಬರು ಸೇರುವ ಮೊದಲು ತಮ್ಮ ಒಪ್ಪಿಗೆ ಬೇಕೆಂಬ ವ್ಯವಸ್ಥೆಯನ್ನೂ ಇಡಬಲ್ಲರು. 600 ಜನರಿಗೆ ನೀವೊಬ್ಬರೇ ಅಡ್ಮಿನ್ ಆಗಿರುವುದು ಸಾಲದು. ರಾತ್ರಿ ತಡವಾಗಿ ಎಚ್ಚರವಿರುವ ಇಬ್ಬರು ಯುವಕರನ್ನು ಜೊತೆಗೆ ಸೇರಿಸಿಕೊಳ್ಳಿ. ಅಡ್ಮಿನ್‌ಗಳು ಮಾತ್ರ ಬರೆಯಬಹುದೆಂಬ ನಿಯಮವನ್ನು ಮಾತ್ರ ಖಾಯಂ ಮಾಡಬೇಡಿ. ಆಗ ಗುಂಪು ನಿಮ್ಮ ತರಗತಿಯಾಗುತ್ತದೆ, ಮತ್ತು ನಿಮ್ಮ ಪತ್ರವನ್ನು ಓದಿದರೆ, ಕ್ಷಮಿಸಿ, ಆ ಅಪಾಯ ಇಲ್ಲದಿಲ್ಲ. ಕರೆಯೋಲೆಯಂಥ ಕಡತ ಹರಿದಾಡುವ ದಿನ ಕೆಲವು ಗಂಟೆ ಹಾಗೆ ಮಾಡಿ, ಮತ್ತೆ ತೆರೆಯಿರಿ.

ಹೊಣೆಗಾರಿಕೆಯ ಬಗ್ಗೆ ನಿಮ್ಮ ಆತಂಕಕ್ಕೆ ಕಾರಣವನ್ನು ನೀವೇ ಹೇಳಿದ್ದೀರಿ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಹೈದರಾಬಾದಿನ ಪ್ರವಾಸಿಗರನ್ನು ಮಕ್ಕಳ ಕಳ್ಳರೆಂದು ಸಾರುವ ಸಂದೇಶ ಹರಡಿ, ಜನ ಗುಂಪುಗೂಡಿ ಹೊಡೆದು, ಒಬ್ಬ ಯುವಕ ಸತ್ತ. ಆಗ ವಾಟ್ಸ್‌ಆ್ಯಪ್ ಗುಂಪಿನ ಅಡ್ಮಿನ್ ಒಬ್ಬನ ಬಂಧನವೂ ಆಯಿತು. ಅದೇ ತಿಂಗಳು ವಾಟ್ಸ್‌ಆ್ಯಪ್ ಭಾರತದಲ್ಲಿ ಒಮ್ಮೆಗೆ ಐದು ಕಡೆಗೆ ಮಾತ್ರ ಫಾರ್ವರ್ಡ್ ಮಾಡಬಹುದೆಂಬ ಮಿತಿ ತರುವುದಾಗಿ ಪ್ರಕಟಿಸಿತು. 2020ರ ಏಪ್ರಿಲ್‌ನಿಂದ, ಅನೇಕ ಬಾರಿ ಕೈ ಬದಲಿಸಿದ ಸಂದೇಶವನ್ನು ಒಮ್ಮೆಗೆ ಒಂದೇ ಕಡೆಗೆ ಕಳುಹಿಸಬಹುದು. ಜೋಡಿ ಬಾಣದ ಗುರುತು ಕಂಡರೆ ಅದು ಅಂಥ ಸಂದೇಶವೆಂದು ಸದಸ್ಯರಿಗೆ ತಿಳಿಸಿಕೊಡಿ. ಕಾನೂನಿನ ಮಟ್ಟಿಗೆ, ಸದಸ್ಯ ಹಾಕಿದ ಆಕ್ಷೇಪಾರ್ಹ ಸಂದೇಶಕ್ಕೆ ಅಡ್ಮಿನ್ ಆದ ಮಾತ್ರಕ್ಕೆ ಹೊಣೆಯಾಗುವುದಿಲ್ಲವೆಂದು ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2021ರಲ್ಲಿಯೂ ಕೇರಳ ಹೈಕೋರ್ಟ್ 2022ರಲ್ಲಿಯೂ ಹೇಳಿವೆ. ಸದಸ್ಯನೂ ಅಡ್ಮಿನ್ನೂ ಮೊದಲೇ ಮಾತಾಡಿಕೊಂಡು ಮಾಡಿದ್ದರೆ ಆ ಮಾತು ಬೇರೆ. ಇವು ನೆರೆ ರಾಜ್ಯಗಳ ತೀರ್ಪುಗಳೆಂಬುದನ್ನು ಮರೆಯದೆ, ಹಿಂಸೆಗೆ ಎಡೆಮಾಡುವ ಸಂದೇಶ ಕಂಡರೆ ಅಳಿಸುವ ಮೊದಲು ಅದರ ಚಿತ್ರ ತೆಗೆದಿಟ್ಟುಕೊಂಡು ಠಾಣೆಗೆ ತಿಳಿಸಿ.

ಬೇಡದ ಕರೆಗಳನ್ನು ತಡೆಯುವ ‘ಡಿಎನ್‌ಡಿ’ ಪಟ್ಟಿಗೆ ನೋಂದಾಯಿಸಿದರೂ ಈ ಜಾಹೀರಾತುಗಳು ನಿಲ್ಲುತ್ತಿಲ್ಲವೆಂದು ದೂರಿದ್ದೀರಿ. 1909 ಸಂಖ್ಯೆಗೆ ಮಾಡುವ ಆ ನೋಂದಣಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) ನಿಯಮಕ್ಕೆ ಒಳಪಟ್ಟ ಕರೆ ಮತ್ತು ಎಸ್‌ಎಂಎಸ್‌ಗಳಿಗೆ ಮಾತ್ರ ಅನ್ವಯಿಸುತ್ತದೆ, ವಾಟ್ಸ್‌ಆ್ಯಪ್‌ಗೆ ಅಲ್ಲ. ವಂಚನೆಯೆಂದು ಶಂಕೆ ಬಂದ ವಾಟ್ಸ್‌ಆ್ಯಪ್ ಸಂದೇಶವನ್ನು ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ತಾಣದಲ್ಲಿ 2024ರಲ್ಲಿ ತೆರೆದ ‘ಚಕ್ಷು’ ವಿಭಾಗಕ್ಕೆ ತಿಳಿಸಬಹುದು. ಹಣ ಹೋಗಿದ್ದರೆ ಅದು ಚಕ್ಷುವಿನ ಕೆಲಸವಲ್ಲ, 1930ರ ಕೆಲಸ.

ಉಳಿದದ್ದು, ಇವರೆಲ್ಲ ಎಲ್ಲಿಂದ ಬಂದು ಸೇರುತ್ತಿದ್ದಾರೆ ಎಂಬ ನಿಮ್ಮ ಬೆರಗು. ಉತ್ತರ ನಿಮ್ಮ ಪತ್ರದ ಮೂರನೆಯ ಪುಟದಲ್ಲಿಯೇ ಇದೆ: ಗುಂಪಿನ ಲಿಂಕನ್ನು ಕೃಷಿ ಮೇಳದ ಕರಪತ್ರದಲ್ಲಿ ಮುದ್ರಿಸಿದ್ದೀರಿ, ಫೇಸ್‌ಬುಕ್‌ನಲ್ಲಿ ಎಲ್ಲರಿಗೂ ಕಾಣುವಂತೆ ಹಾಕಿದ್ದೀರಿ. ಹಾಗೆ ಬಹಿರಂಗವಾಗಿ ಬಿದ್ದಿರುವ ಲಿಂಕುಗಳನ್ನು ಹುಡುಕಿ ಆಯ್ದುಕೊಳ್ಳುವುದನ್ನೇ ಕಸುಬು ಮಾಡಿಕೊಂಡವರಿದ್ದಾರೆ. ಇಂದೇ ಆ ಲಿಂಕನ್ನು ರೀಸೆಟ್ ಮಾಡಿ. ಹಳೆಯದು ಅಲ್ಲಿಗೆ ಕೆಲಸ ಮಾಡುವುದಿಲ್ಲ. ಇನ್ನು ಮುಂದೆ ಒಬ್ಬ ಸದಸ್ಯರ ಪರಿಚಯದ ಮೂಲಕವೇ ಇನ್ನೊಬ್ಬರನ್ನು ಸೇರಿಸಿಕೊಳ್ಳಿ.

ಹೆಚ್ಚು ಬೆಳೆಗಾರರಿಗೆ ತಲುಪಲೆಂದು ಗುಂಪಿನ ಲಿಂಕನ್ನು ನಮ್ಮ ಪತ್ರಿಕೆಯಲ್ಲಿಯೂ ಪ್ರಕಟಿಸಬೇಕೆಂದು ಪತ್ರದ ಕೊನೆಯಲ್ಲಿ ಕೋರಿದ್ದೀರಿ. ಪ್ರಕಟಿಸುತ್ತಿಲ್ಲ.

– ಸಂಪಾದಕ